ಬಾಲ್ಯದ ಒಂದು ಪ್ರಾಣಿಯನ್ನು ಕಾಗದಕ್ಕೆ ತರುವುದು ಹೇಗೆ

ಮೊದಲು ಒಂದೇ ಒಂದು ಪ್ರಾಣಿಯನ್ನು ಆರಿಸಿಕೊಳ್ಳಿ. ಚಿಕ್ಕಂದಿನಲ್ಲಿ ಕಂಡ ನಾಯಿ, ಬೆಕ್ಕು, ದನ, ಕೋಳಿ ಎಲ್ಲವನ್ನೂ ಒಂದೇ ಬರಹಕ್ಕೆ ತುಂಬಲು ಹೋದರೆ ಯಾವುದರ ಮುಖವೂ ಕಾಣುವುದಿಲ್ಲ. ತುಂಬಾ ಪ್ರೀತಿಸಿದ್ದನ್ನೇ ಆರಿಸಬೇಕು ಅಂತೇನಿಲ್ಲ. ಯಾವುದರ ಮೈ ನಿಮಗೆ ಜಾಸ್ತಿ ನೆನಪಿದೆಯೋ ಅದನ್ನು ಆರಿಸಿ. ಹರಿದ ಕಿವಿಯೋ, ಒಳಕ್ಕೆ ತಿರುಗಿದ ಕೊಂಬೋ, ಬಾಲದ ತುದಿಯಲ್ಲಿದ್ದ ಗಂಟೋ, ಇಂಥ ಒಂದು ಗುರುತು ಕಣ್ಣಮುಂದೆ ಬಂದರೆ ಸಾಕು. ಕೆಲಸ ಶುರು ಮಾಡಬಹುದು.

ನಾನು ಬಹಳ ವರ್ಷ ಪಶುವೈದ್ಯೆಯಾಗಿ ಕೆಲಸ ಮಾಡಿದೆ. ಬರೆಯಲು ಕುಳಿತದ್ದು ಆಮೇಲೆ. ಆದರೆ ನೆನಪನ್ನು ಹೊರಗೆ ತೆಗೆಯುವುದು ಹೇಗೆ ಅನ್ನುವುದನ್ನು ಆ ಕೆಲಸವೇ ಕಲಿಸಿತು. ಪ್ರಾಣಿ ತನಗೇನಾಗಿದೆ ಅಂತ ಹೇಳುವುದಿಲ್ಲ. ಹೇಳಬೇಕಾದವರು ಅದರ ಜೊತೆ ಇದ್ದವರು. ಅವರು ಬಂದು "ಯಾಕೋ ಮಂಕಾಗಿದೆ ಡಾಕ್ಟ್ರೇ" ಅನ್ನುತ್ತಾರೆ. ಅಷ್ಟರಿಂದ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಕೇಳುತ್ತಿದ್ದೆ. ಅದು ಕೊನೆಯ ಸಲ ನೀರು ಕುಡಿದದ್ದನ್ನು ಯಾರು ನೋಡಿದಿರಿ? ಮಲಗಿದ್ದು ಯಾವ ಮಗ್ಗುಲಿಗೆ? ಮೆಲುಕು ಹಾಕುತ್ತಿತ್ತಾ? ಏಳುವಾಗ ತಡವರಿಸಿತಾ? ಹೀಗೆ ಕೇಳುತ್ತಾ ಹೋದಂತೆ, ಏನೂ ಗೊತ್ತಿಲ್ಲ ಅಂದವರ ಬಾಯಿಂದಲೇ ಎಷ್ಟೋ ಸಂಗತಿ ಹೊರಗೆ ಬರುತ್ತಿತ್ತು. ಅವರು ನೋಡಿಯೇ ಇರುತ್ತಿದ್ದರು. ಕೇಳುವವರು ಬೇಕಿತ್ತು, ಅಷ್ಟೇ. ಬಾಲ್ಯದ ನೆನಪಿಗೂ ಇದೇ ದಾರಿ. ನಿಮ್ಮನ್ನು ನೀವೇ ಹಾಗೆ ಕೇಳಿಕೊಳ್ಳಬೇಕು.

ಮೂಗಿನಿಂದ ಬಾಲದವರೆಗೆ

ಒಂದು ಹಾಳೆ ತೆಗೆದುಕೊಂಡು ಪ್ರಾಣಿಯ ಮೈಯನ್ನು ಮೂಗಿನಿಂದ ಶುರು ಮಾಡಿ ಬಾಲದವರೆಗೆ ಬರೆಯಿರಿ. ಪ್ರೀತಿ, ಮುದ್ದು, ಪಾಪ, ಜಾಣ ಇಂಥ ಯಾವ ಪದವೂ ಈ ಹಾಳೆಯಲ್ಲಿ ಬೇಡ. ಬಣ್ಣ, ಅಳತೆ, ಸದ್ದು, ವಾಸನೆ, ಮುಟ್ಟಿದರೆ ಹೇಗಿತ್ತು, ಇಷ್ಟು ಸಾಕು.

ನಮ್ಮ ನಾಯಿ ಕೆಂಚನ ಹಾಳೆ ಹೀಗಿದೆ. ಮೂಗಿನ ಮೇಲೆ ಅಡ್ಡ ಗಾಯದ ಗೆರೆ. ಬಲಗಿವಿ ನೆಟ್ಟಗೆ, ಎಡಗಿವಿ ಅರ್ಧಕ್ಕೆ ಮಡಚಿದ್ದು. ಎದೆಯ ಮೇಲೆ ಬಿಳಿ ಮಚ್ಚೆ, ಅಲ್ಲಿನ ಕೂದಲು ಉಳಿದ ಕಡೆಗಿಂತ ಮೆತ್ತಗೆ. ಮುಂಗಾಲಿನ ಉಗುರು ಕಪ್ಪು, ಒಂದು ಮಾತ್ರ ಬಿಳಿ. ನಡೆದರೆ ನೆಲದ ಮೇಲೆ ಟಕಟಕ ಸದ್ದು, ಹಿಂಗಾಲು ಒಂದನ್ನು ತುಸು ಎಳೆಯುತ್ತಿದ್ದುದರಿಂದ ಸದ್ದಿನಲ್ಲಿ ಒಂದು ಬಿಡುವು. ಮಲಗುವ ಮೊದಲು ಸುತ್ತು ಹಾಕುತ್ತಿದ್ದ, ಆಮೇಲೆ ಗದ್ದವನ್ನು ಎರಡನೇ ಮೆಟ್ಟಿಲ ಮೇಲೆ ಇಡುತ್ತಿದ್ದ. ಬಾಲದ ತುದಿ: ನೆನಪಿಲ್ಲ.

"ನೆನಪಿಲ್ಲ" ಅಂತ ಹಾಗೇ ಬರೆಯಿರಿ. ಖಾಲಿ ಜಾಗವನ್ನು ಬೇರೆ ಯಾವುದೋ ನಾಯಿಯ ಬಾಲದಿಂದ ತುಂಬಬೇಡಿ. ಒಂದು ಕಡೆ ತುಂಬಿಸಿದರೆ ಉಳಿದದ್ದರ ಮೇಲೂ ನಿಮಗೇ ನಂಬಿಕೆ ಹೋಗುತ್ತದೆ. ಓದುವವರೂ ಇದನ್ನು ಗಮನಿಸುತ್ತಾರೆ. ಎಲ್ಲವೂ ಅಚ್ಚುಕಟ್ಟಾಗಿ ನೆನಪಿದೆ ಅನ್ನುವವರಿಗಿಂತ, ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ ಅನ್ನುವವರ ಮಾತು ಹೆಚ್ಚು ಗಟ್ಟಿ.

ಮೈಯಾದ ಮೇಲೆ ಚಲನೆ. ಹೇಗೆ ಏಳುತ್ತಿತ್ತು, ಹೇಗೆ ಕೂರುತ್ತಿತ್ತು, ಬಾಗಿಲು ಹೇಗೆ ತಳ್ಳುತ್ತಿತ್ತು? ಹಸು ಮಲಗಿದಲ್ಲಿಂದ ಏಳುವಾಗ ಹಿಂಗಾಲನ್ನು ಮೊದಲು ಎತ್ತುತ್ತದೆ, ಒಂದು ಕ್ಷಣ ಮುಂದಿನ ಮೊಣಕಾಲಿನ ಮೇಲೆ ನಿಲ್ಲುತ್ತದೆ. ಕುದುರೆ ಮುಂಗಾಲನ್ನು ಮೊದಲು ಊರುತ್ತದೆ. ದನದ ಜೊತೆ ಬೆಳೆದವರ ಮನಸ್ಸಿನಲ್ಲಿ ಆ ಮೊಣಕಾಲಿನ ಕ್ಷಣ ಖಂಡಿತ ಇರುತ್ತದೆ. ಬರಹದಲ್ಲಿ ಅದು ಬಂದರೆ ಹಸು ನಿಜಕ್ಕೂ ಎದ್ದು ನಿಂತಿತು ಅಂತಲೇ ಅನಿಸುತ್ತದೆ.

ಒಂದು ಮೀಟರ್ ಎತ್ತರದಿಂದ ನೋಡಿ

ಐದು ವರ್ಷದ ಮಗುವಿನ ಎತ್ತರ ಸುಮಾರು 110 ಸೆಂಟಿಮೀಟರ್. ಕಣ್ಣು ಒಂದು ಮೀಟರ್ ಎತ್ತರದಲ್ಲಿರುತ್ತದೆ. ಭುಜದವರೆಗೆ 50 ಸೆಂಟಿಮೀಟರ್ ಇರುವ ಸಾಧಾರಣ ನಾಯಿ ಆ ಮಗುವಿನ ಸೊಂಟದ ಹತ್ತಿರಕ್ಕೆ ಬರುತ್ತದೆ. ದೊಡ್ಡವರಾದ ನಮಗೆ ಅದೇ ನಾಯಿ ಮೊಣಕಾಲಿನ ಹತ್ತಿರ. ಬಾಲ್ಯದ ನಾಯಿಗಳೆಲ್ಲ ಭಾರೀ ದೊಡ್ಡವಾಗಿ ನೆನಪಿರುವುದು ಇದರಿಂದಲೇ.

ಇದನ್ನು ಸರಿಪಡಿಸಲು ಹೋಗಬೇಡಿ. ಬಳಸಿಕೊಳ್ಳಿ. ಮೊಣಕಾಲೂರಿ ಮನೆಯಲ್ಲಿ ಸ್ವಲ್ಪ ಹೊತ್ತು ಓಡಾಡಿ. ಮೇಜಿನ ಅಡಿಭಾಗ, ಬಾಗಿಲ ಚಿಲಕ, ಬೇರೆಯವರ ಕೈಬೆರಳು ಹೇಗೆ ಕಾಣುತ್ತವೆ ನೋಡಿ. ಆಗ ನೀವು ಪ್ರಾಣಿಯ ಯಾವ ಭಾಗವನ್ನು ದಿನಾ ನೋಡುತ್ತಿದ್ದಿರಿ ಅನ್ನುವುದು ಹೊಳೆಯುತ್ತದೆ. ನನಗೆ ನಮ್ಮ ಹಸುವಿನ ಬೆನ್ನು ನೆನಪೇ ಇಲ್ಲ. ಅದರ ಗಂಗೆದೊಗಲು ಮಾತ್ರ ಮಡಿಕೆ ಮಡಿಕೆಯಾಗಿ ನೆನಪಿದೆ. ಹೊಟ್ಟೆಯ ಕೆಳಗೆ ನೊಣ ಕೂತಾಗ ಚರ್ಮ ಅಲುಗುತ್ತಿದ್ದುದೂ ನೆನಪಿದೆ. ನನ್ನ ಕಣ್ಣಿಗೆ ಸಿಗುತ್ತಿದ್ದುದು ಅಷ್ಟೇ. ಆ ಎತ್ತರ ಬಿಟ್ಟು ಮೇಲಕ್ಕೆ ಹೋಗದೆ ಬರೆದರೆ, ಮಗು ನೋಡುತ್ತಿದೆ ಅಂತ ಬೇರೆ ಹೇಳಬೇಕಾಗುವುದೇ ಇಲ್ಲ.

ದಿನಾಂಕ ಪ್ರಾಣಿಯ ಮೈಯಲ್ಲೇ ಇರುತ್ತದೆ

ಇದು ನನಗೆ ತುಂಬಾ ಇಷ್ಟವಾದ ಭಾಗ. ಬಾಲ್ಯದ ನೆನಪಿಗೆ ತಾರೀಕು ಇರುವುದಿಲ್ಲ. "ನಾನು ಚಿಕ್ಕವಳಿದ್ದಾಗ" ಅನ್ನುವಲ್ಲಿಗೆ ಮುಗಿಯುತ್ತದೆ. ಆದರೆ ಪ್ರಾಣಿಯ ಮೈ ಒಂದು ಲೆಕ್ಕದಲ್ಲಿ ಬೆಳೆಯುತ್ತದೆ. ಆ ಲೆಕ್ಕ ಗೊತ್ತಿದ್ದರೆ ನಿಮ್ಮ ನೆನಪು ಯಾವ ವಾರದ್ದು, ಯಾವ ತಿಂಗಳದ್ದು ಅಂತ ಹೇಳಬಹುದು.

ಬೆಕ್ಕಿನ ಮರಿಯನ್ನು ತೆಗೆದುಕೊಳ್ಳಿ. ಹುಟ್ಟುವಾಗ ಅದರ ಕಣ್ಣು ಮುಚ್ಚಿರುತ್ತದೆ. 7ರಿಂದ 14 ದಿನದೊಳಗೆ ತೆರೆಯುತ್ತದೆ. ತೆರೆದಾಗ ಎಲ್ಲ ಮರಿಗಳ ಕಣ್ಣೂ ನೀಲಿ. ಆರೇಳು ವಾರದ ಹೊತ್ತಿಗೆ ಬಣ್ಣ ಬದಲಾಗಲು ಶುರುವಾಗುತ್ತದೆ. ನನ್ನ ತಮ್ಮ "ಹುಟ್ಟಿದ ದಿನವೇ ನೋಡಿದೆವು, ನೀಲಿ ಕಣ್ಣು ಬಿಟ್ಟು ನನ್ನನ್ನೇ ನೋಡಿತು" ಅನ್ನುತ್ತಾನೆ. ಅದು ಹುಟ್ಟಿದ ದಿನವಾಗಿರಲು ಸಾಧ್ಯವಿಲ್ಲ. ಆದರೆ ನೀಲಿ ಕಣ್ಣು ನಿಜವಾಗಿರಬಹುದು. ಹಾಗಾದರೆ ಮರಿಗೆ ಆಗ ಒಂದು ವಾರದಿಂದ ಏಳು ವಾರದೊಳಗೆ ವಯಸ್ಸು. ಅಲ್ಲಿಯವರೆಗೆ ತಾಯಿಬೆಕ್ಕು ಅವನ್ನು ಬೇರೆಲ್ಲೋ ಬಚ್ಚಿಟ್ಟಿತ್ತು. ಬೆಕ್ಕು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತದಲ್ಲ, ಹಾಗೆ ತಂದು ನಮ್ಮ ಕಣ್ಣಿಗೆ ಬೀಳುವಲ್ಲಿ ಇಟ್ಟಿತ್ತು. ತಮ್ಮನ ಒಂದು ಮಾತಿನಿಂದ ನಮಗೆ ಗೊತ್ತೇ ಇಲ್ಲದ ಒಂದು ಸಂಗತಿ ಸಿಕ್ಕಿತು, ನೋಡಿ.

ಕೋಳಿಯದು ಇನ್ನೂ ಚೆನ್ನಾಗಿದೆ. ನಮ್ಮಲ್ಲಿ ಒಂದು ಸಲ ಹೇಂಟೆಯ ಕೆಳಗೆ ಬಾತುಕೋಳಿ ಮೊಟ್ಟೆ ಇಟ್ಟಿದ್ದರು. ಅದು ಕಾವಿಗೆ ಕೂತದ್ದು ನನಗೆ ಬೇಸರದ ನೆನಪಾಗಿ ಉಳಿದಿದೆ. ಕೂತೇ ಇತ್ತು, ಕೂತೇ ಇತ್ತು. ಯಾರೋ "ಇವು ಆಗಲ್ಲ, ತೆಗೆದುಬಿಡಿ" ಅಂದರು. ಅಜ್ಜಿ ಬೇಡ ಅಂದಳು. ಇಬ್ಬರ ದನಿಯೂ ಏರಿತ್ತು. ಈಗ ಲೆಕ್ಕ ಹಾಕಿ. ಕೋಳಿ ಮೊಟ್ಟೆ ಮರಿಯಾಗಲು 21 ದಿನ ಬೇಕು. ಬಾತುಕೋಳಿ ಮೊಟ್ಟೆಗೆ 28 ದಿನ. ಅಂದರೆ ಆ ಜಗಳ ನಡೆದದ್ದು ಕೊನೆಯ ವಾರದಲ್ಲಿ, ಕೋಳಿಯ ಲೆಕ್ಕ ಮುಗಿದು ಬಾತಿನ ಲೆಕ್ಕ ಇನ್ನೂ ಮುಗಿಯದಿದ್ದಾಗ. ಹೇಂಟೆ ತನ್ನ ಅವಧಿ ದಾಟಿದ ಮೇಲೂ ಮೊಟ್ಟೆ ಬಿಟ್ಟು ಏಳಲಿಲ್ಲ. ಅಜ್ಜಿ ಅದನ್ನು ನೋಡಿಯೇ ಹಟ ಹಿಡಿದಿದ್ದಳು ಅಂತ ನನಗೆ ಈಗ ಅನಿಸುತ್ತದೆ. ಆಮೇಲೆ ಮರಿಗಳು ನೀರಿಗೆ ಇಳಿದವು. ಹೇಂಟೆ ರೆಕ್ಕೆ ಕೆದರಿಕೊಂಡು ದಡದ ಉದ್ದಕ್ಕೂ ಓಡಿತು, ಕೂಗಿತು. ಒಂದು ಕಾಲನ್ನು ನೀರಿಗೆ ಇಟ್ಟು ತೆಗೆಯಿತು. ಇದನ್ನು ಬರೆಯುವಾಗ ನಾನು ಮೊದಲು ದಡದಿಂದ ಶುರು ಮಾಡುತ್ತಿದ್ದೆ. ಈಗ ಆ ಕೊನೆಯ ವಾರದಿಂದ ಶುರು ಮಾಡುತ್ತೇನೆ. ಕಥೆಯ ಬೇರು ಇರುವುದು ಅಲ್ಲಿ.

ನಾಯಿಮರಿಯ ಹಾಲುಹಲ್ಲು ಸುಮಾರು ನಾಲ್ಕರಿಂದ ಆರು ತಿಂಗಳ ನಡುವೆ ಬೀಳುತ್ತವೆ. ಚಪ್ಪಲಿ, ಪುಸ್ತಕದ ಮೂಲೆ, ಕುರ್ಚಿಯ ಕಾಲು ಎಲ್ಲ ಕಡಿಯುವುದು ಆಗಲೇ ಜಾಸ್ತಿ. ನೆಲದ ಮೇಲೆ ಪುಟ್ಟ ಹಲ್ಲೊಂದು ಸಿಕ್ಕ ನೆನಪಿದ್ದರೆ ಮರಿಯ ವಯಸ್ಸು ಸಿಕ್ಕಿತು. ದನವಿದ್ದ ಮನೆಯವರಿಗೆ ಇನ್ನೂ ಉದ್ದದ ಲೆಕ್ಕ ಸಿಗುತ್ತದೆ. ಹಸು ಗಬ್ಬವಿರುವುದು ಒಂಬತ್ತು ತಿಂಗಳು ಚಿಲ್ಲರೆ. ಕರುವಿಗೆ ಮೊದಲ ಜೋಡಿ ದೊಡ್ಡ ಹಲ್ಲು ಬರುವುದು ಎರಡು ವರ್ಷದ ಆಸುಪಾಸಿನಲ್ಲಿ. ಅಮ್ಮ ಹಸುವಿನ ಬಾಯಿ ತೆರೆದು "ಎರಡು ಹಲ್ಲಾಗಿದೆ" ಅಂದದ್ದು ನೆನಪಿದ್ದರೆ, ಅದು ಹುಟ್ಟಿದಾಗ ನೀವು ಯಾವ ತರಗತಿಯಲ್ಲಿದ್ದಿರಿ ಅಂತ ಹಿಂದಕ್ಕೆ ಎಣಿಸಬಹುದು. ಇನ್ನೊಂದು ಪರೀಕ್ಷೆ: ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಮುಂದಿನ ಎಂಟು ಹಲ್ಲೂ ಕೆಳಗಿನವು. ಕೈ ಕಚ್ಚಿತು, ಮೇಲೂ ಕೆಳಗೂ ಹಲ್ಲಿನ ಗುರುತು ಬಿತ್ತು ಅನ್ನುವ ನೆನಪು ಇದ್ದರೆ ಆ ಪ್ರಾಣಿ ಬೇರೆ.

ಆ ಚಿತ್ರದಲ್ಲಿ ನೀವೂ ಇದ್ದೀರಾ?

ಕಣ್ಣು ಮುಚ್ಚಿ ನಿಮ್ಮ ಪ್ರಾಣಿಯನ್ನು ನೆನೆಸಿಕೊಳ್ಳಿ. ಆ ಚಿತ್ರದಲ್ಲಿ ನಿಮ್ಮ ಮುಖ ನಿಮಗೆ ಕಾಣುತ್ತಿದೆಯಾ? ಚಿಕ್ಕ ನೀವು ನಾಯಿಯ ಪಕ್ಕ ನಿಂತಿರುವುದು ಹೊರಗಿನಿಂದ ಕಾಣುತ್ತಿದೆಯಾ? 1983ರಲ್ಲಿ ಜಾರ್ಜಿಯಾ ನಿಗ್ರೊ ಮತ್ತು ಉಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿಗಳು ಇದನ್ನೇ ಅಭ್ಯಾಸ ಮಾಡಿದರು. ಕೆಲವು ನೆನಪುಗಳನ್ನು ನಾವು ನಮ್ಮದೇ ಕಣ್ಣಿನಿಂದ ನೋಡುತ್ತೇವೆ, ಕೆಲವನ್ನು ಬೇರೆಯವರು ನೋಡಿದ ಹಾಗೆ. ಹಳೆಯ ನೆನಪುಗಳು ಎರಡನೆಯ ಬಗೆಯವಾಗಿರುವುದು ಜಾಸ್ತಿ.

ಹೊರಗಿನಿಂದ ಕಂಡ ಮಾತ್ರಕ್ಕೆ ಅದು ಸುಳ್ಳಲ್ಲ. ಆದರೆ ಫೋಟೋದಿಂದ ಬಂದಿರಬಹುದು, ಯಾರೋ ಮತ್ತೆ ಮತ್ತೆ ಹೇಳಿದ್ದರಿಂದ ಬಂದಿರಬಹುದು. ಫೋಟೋದ ಬಲ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಾಲ್ಯದಲ್ಲಿ ಬಿಸಿಗಾಳಿ ಬಲೂನಿನಲ್ಲಿ ಹಾರಿದಂತೆ ತಿದ್ದಿದ ಫೋಟೋವನ್ನು ದೊಡ್ಡವರಿಗೆ ತೋರಿಸಿದರು. ಅವರು ಯಾರೂ ಬಲೂನು ಹತ್ತಿದವರಲ್ಲ. ಆದರೂ ಅರ್ಧದಷ್ಟು ಜನ ಆ ಹಾರಾಟದ ಬಗ್ಗೆ ಸ್ವಲ್ಪವಾದರೂ "ನೆನಪು" ಹೇಳಿದರು.

ಹಾಗಾಗಿ ಬರೆಯುವ ಮೊದಲು ಆಲ್ಬಮ್ ತೆರೆಯಬೇಡಿ. ಮೊದಲು ಬರೆಯಿರಿ, ಆಮೇಲೆ ಫೋಟೋ ನೋಡಿ. ಫೋಟೋದಿಂದ ಬಂದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸಿ. ಮೂರು, ಮೂರೂವರೆ ವರ್ಷಕ್ಕಿಂತ ಮೊದಲಿನದು ಹೆಚ್ಚಿನವರಿಗೆ ನೆನಪಿರುವುದಿಲ್ಲ. ಅದಕ್ಕಿಂತ ಹಿಂದಿನ ಪ್ರಾಣಿಯಾದರೆ "ಅಮ್ಮ ಹೇಳಿದ್ದು" ಅಂತಲೇ ಬರೆಯಿರಿ. ಅಮ್ಮನ ದನಿಯಲ್ಲೂ ಒಂದು ಸೊಗಸಿದೆ, ಅಲ್ವಾ? ಅದನ್ನು ಯಾಕೆ ನಮ್ಮದಾಗಿ ಮಾಡಿಕೊಳ್ಳಬೇಕು?

ಜೊತೆಯವರನ್ನು ಕೇಳುವ ಬಗೆ

ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ದೊಡ್ಡ ದನಿಯವರ ನೆನಪೇ ಎಲ್ಲರ ನೆನಪಾಗುತ್ತದೆ. ಉತ್ತರವನ್ನು ಪ್ರಶ್ನೆಯಲ್ಲೇ ಇಡಬೇಡಿ. "ಕೆಂಚನ ಎಡಗಿವಿ ಮಡಚಿತ್ತಲ್ವಾ?" ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. "ಕೆಂಚನ ಕಿವಿ ಹೇಗಿತ್ತು?" ಅನ್ನಿ. ಆಮೇಲೆ ಸುಮ್ಮನಿರಿ. ಉತ್ತರ ಬರಲು ಸಮಯ ಬೇಕು. ಚಿಕಿತ್ಸೆಯ ಕೋಣೆಯಲ್ಲಿ ಒಳ್ಳೆಯ ಮಾಹಿತಿ ಬರುತ್ತಿದ್ದುದು ಯಾವಾಗಲೂ ಎರಡನೇ ಮಾತಿನಲ್ಲಿ, ಮೊದಲ ಉತ್ತರ ಮುಗಿದು ಒಂದು ಗಳಿಗೆ ಸುಮ್ಮನಿದ್ದ ಮೇಲೆ.

ಫ್ರೆಡೆರಿಕ್ ಬಾರ್ಟ್ಲೆಟ್ ಎಂಬ ಮನೋವಿಜ್ಞಾನಿ 1932ರಲ್ಲೇ ತೋರಿಸಿದ್ದರು: ಕೇಳಿದ ಕಥೆಯನ್ನು ಜನ ಮತ್ತೆ ಹೇಳುವಾಗ ಅಪರಿಚಿತ ವಿವರಗಳನ್ನು ಬಿಟ್ಟು, ತಮಗೆ ಪರಿಚಯವಿರುವಂತೆ ತಿದ್ದಿಕೊಳ್ಳುತ್ತಾರೆ. ಅದರಿಂದ, ನಿಮಗೆ ಅರ್ಥವಾಗದ ಒಂದು ವಿಚಿತ್ರ ವಿವರ ಯಾರಾದರೂ ಹೇಳಿದರೆ ಅದನ್ನು ಜೋಪಾನ ಮಾಡಿ. ಅದು ನಿಜವಾಗಿರುವ ಸಾಧ್ಯತೆ ಹೆಚ್ಚು ಅಂತ ನನ್ನ ನಂಬಿಕೆ. ಅಕ್ಕ ಹೇಳಿದ್ದು: ಕೆಂಚ ಮಳೆ ಬಂದಾಗ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಯಾಕೆ ಅಂತ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬರಹದಲ್ಲಿ ಅದಕ್ಕೆ ಕಾರಣ ಕೊಡದೆ ಹಾಗೇ ಇಟ್ಟಿದ್ದೇನೆ. ಇಬ್ಬರ ನೆನಪು ಹೊಂದದಿದ್ದರೆ ಎರಡನ್ನೂ ಬರೆಯಿರಿ, ಯಾರದು ಯಾವುದು ಅಂತ ಹೇಳಿ.

ಇವತ್ತಿನ ಪ್ರಾಣಿಯ ಹತ್ತಿರ ಕೂರಿ

ನೆನಪು ನಿಂತುಹೋದಾಗ ಮೇಜು ಬಿಟ್ಟು ಏಳಿ. ಈಗ ನಿಮ್ಮ ಸುತ್ತ ಇರುವ ಯಾವುದಾದರೂ ಪ್ರಾಣಿಯನ್ನು ನೋಡುತ್ತಾ ಕೂರಿ. ನಾಯಿ, ಬೆಕ್ಕು ಇಲ್ಲದಿದ್ದರೆ ಗೋಡೆಯ ಹಲ್ಲಿಯಾದರೂ ಸರಿ, ಕಾಗೆಯಾದರೂ ಸರಿ. ಗುಬ್ಬಿ ಧೂಳಿನಲ್ಲಿ ಹೊರಳುವುದನ್ನು ನೋಡಿದರೆ ಕೋಳಿ ಧೂಳಾಡುತ್ತಿದ್ದ ಕುಳಿ ನೆನಪಾಗುತ್ತದೆ. ಒಂದು ಮೈ ಇನ್ನೊಂದು ಮೈಯನ್ನು ನೆನಪಿಸುತ್ತದೆ.

ವಾಸನೆಯನ್ನಂತೂ ಬಿಡಲೇಬೇಡಿ. ಮೂಗಿನಿಂದ ಹೊರಟ ಸುದ್ದಿ ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಭಾಗಗಳಿಗೆ ತೀರಾ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ವಾಸನೆಯಿಂದ ಎಚ್ಚರಗೊಳ್ಳುವ ನೆನಪುಗಳಲ್ಲಿ ಹತ್ತು ವರ್ಷದೊಳಗಿನವು ಹೆಚ್ಚು ಅಂತ ಅಧ್ಯಯನಗಳು ಕಂಡುಕೊಂಡಿವೆ. ಒದ್ದೆಯಾದ ನಾಯಿಯ ಕೂದಲು, ಹಸುವಿನ ಉಸಿರು, ಮರಿಗಳಿದ್ದ ಬುಟ್ಟಿ. ಇವನ್ನು ಮೂಸಿ ನೋಡಿ, ಪೆನ್ನು ಕೈಯಲ್ಲೇ ಇರಲಿ.

ನೋಡಿದ್ದನ್ನು ಅದೇ ದಿನ ಬರೆಯಿರಿ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ ಅಳೆದರು. ಒಂದು ದಿನದಲ್ಲಿ ಸುಮಾರು ಮೂರನೇ ಎರಡರಷ್ಟು ಹೋಗಿತ್ತು. ಪ್ರಾಣಿಯ ನೋಟ ಅಷ್ಟು ಬೇಗ ಮರೆಯದಿರಬಹುದು. ಆದರೂ ಸಣ್ಣ ವಿವರ ಮೊದಲು ಹೋಗುತ್ತದೆ, ನಮಗೆ ಬೇಕಾದದ್ದು ಅದೇ.

ಪ್ರಾಣಿಯ ಬಾಯಿಗೆ ನಿಮ್ಮ ಮಾತು ಬೇಡ

ಕೆಂಚ ಒಂದು ಸಲ ಅಪ್ಪನ ಚಪ್ಪಲಿ ಹರಿದ. ಅಪ್ಪ ಬಂದಾಗ ತಲೆ ತಗ್ಗಿಸಿ, ಬಾಲ ಮಡಚಿ, ಕಣ್ಣು ಬೇರೆ ಕಡೆ ತಿರುಗಿಸಿದ. "ತಪ್ಪಾಯಿತು ಅಂತ ಅವನಿಗೆ ಗೊತ್ತಿತ್ತು" ಅಂತ ಬರೆಯುವುದು ಸುಲಭ. ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆ ಹೇಳುತ್ತದೆ. ನಾಯಿಗಳು ಆ ಮುಖ ಮಾಡಿದ್ದು ತಪ್ಪು ಮಾಡಿದ್ದಕ್ಕಲ್ಲ, ಯಜಮಾನರು ಬೈದದ್ದಕ್ಕೆ. ಏನೂ ತಪ್ಪು ಮಾಡದ ನಾಯಿಗಳೂ ಬೈಸಿಕೊಂಡಾಗ ಹಾಗೇ ಮಾಡಿದವು.

ಇದು ಗೊತ್ತಾದ ಮೇಲೆ ದೃಶ್ಯ ಬದಲಾಗುತ್ತದೆ. ಆಗ ನೀವು ನೋಡಬೇಕಾದ್ದು ಅಪ್ಪನನ್ನು. ಬಾಗಿಲಲ್ಲಿ ಹೇಗೆ ನಿಂತರು, ದನಿ ಯಾವಾಗ ಏರಿತು, ನಾಯಿ ಯಾವ ಮಾತಿಗೆ ತಲೆ ತಗ್ಗಿಸಿತು. ಬರಹ ಬಡವಾಗುವುದಿಲ್ಲ, ಇನ್ನೊಬ್ಬರು ಒಳಗೆ ಬರುತ್ತಾರೆ. ಹಾಗೆಯೇ ಬೆಕ್ಕು ಗುರ್‌ಗುಟ್ಟಿದರೆ ಸುಖವಾಗಿತ್ತು ಅಂತ ಬರೆದುಬಿಡಬೇಡಿ. ನೋವಿನಲ್ಲಿರುವ ಬೆಕ್ಕೂ ಗುರ್‌ಗುಟ್ಟುತ್ತದೆ. ನಾನು ಎಷ್ಟೋ ಸಲ ಅಂಥ ಬೆಕ್ಕಿನ ಎದೆಯ ಮೇಲೆ ಕೈಯಿಟ್ಟಿದ್ದೇನೆ. ಕೈಗೆ ತಾಗಿದ ಆ ನಡುಕವನ್ನು ಬರೆಯಿರಿ, ಅದರ ಅರ್ಥವನ್ನು ಬಿಡಿ.

ಪ್ರಾಣಿಗೂ ನಿಮ್ಮ ನೆನಪಿರುತ್ತಿತ್ತು ಅನ್ನುವುದನ್ನು ಮಾತ್ರ ಧೈರ್ಯವಾಗಿ ಬರೆಯಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಜೊತೆಗಾರರು 2006ರಲ್ಲಿ ಒಂದು ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು ಬಿಟ್ಟರು. ವರ್ಷಗಳ ನಂತರವೂ ಆ ಮುಖವಾಡ ಕಂಡರೆ ಕಾಗೆಗಳು ಕೂಗಿ ಮೇಲೆರಗುತ್ತಿದ್ದವು.

ಸಾವಿನ ಭಾಗ

ಪ್ರಾಣಿಯ ಸಾವನ್ನು ಬರೆಯಲೇಬೇಕು ಅಂತಿಲ್ಲ. ಬರೆಯುವುದಾದರೆ ಎರಡು ಸಂಗತಿ ಬೇರೆ ಮಾಡಿ: ಆಗ ನಿಮಗೆ ಹೇಳಿದ್ದು ಏನು, ಆಮೇಲೆ ಗೊತ್ತಾದದ್ದು ಏನು. ಮಕ್ಕಳಿಗೆ ದೊಡ್ಡವರು "ಎಲ್ಲೋ ಹೋಯಿತು, ಬರುತ್ತದೆ" ಅನ್ನುತ್ತಾರೆ. ಆ ಮಾತು ನಂಬಿ ಎಷ್ಟು ದಿನ ಕಾದಿರಿ, ಎಲ್ಲಿ ನಿಂತು ಕಾದಿರಿ, ತಟ್ಟೆಯನ್ನು ಯಾರು ತೆಗೆದಿಟ್ಟರು? ಸಾವು ಇರುವುದು ಅಲ್ಲಿ. ಕಾಯಿಲೆಯ ವಿವರ ಒಂದು ಸಾಲಿಗಿಂತ ಜಾಸ್ತಿ ಬೇಡ. ಗಟ್ಟಿಯಾಗಿ ಅಳಿಸುವ ಮಾತು ಯಾವುದೂ ಬೇಡ. ಅಳು ಬಂದರೆ ಅದು ಮೆಟ್ಟಿಲು, ಉಗುರು, ಮಡಚಿದ ಕಿವಿಯಿಂದ ಬರಲಿ.

ಒಂದು ಪ್ರಾಣಿ ಮುಗಿದ ಮೇಲೆ

ಬರೆದದ್ದನ್ನು ಆ ಪ್ರಾಣಿಯನ್ನು ಕಂಡಿದ್ದ ಒಬ್ಬರಿಗೆ, ಕಾಣದ ಒಬ್ಬರಿಗೆ ಗಟ್ಟಿಯಾಗಿ ಓದಿ. ಕಂಡವರು ತಿದ್ದುತ್ತಾರೆ. ಕಾಣದವರು ಎಲ್ಲಿ ಬೇಸರವಾಯಿತು ಅಂತ ಮುಖದಲ್ಲೇ ತೋರಿಸುತ್ತಾರೆ. ಆ ಸಾಲುಗಳು ಸಾಮಾನ್ಯವಾಗಿ ನಿಮ್ಮ ಬಗ್ಗೆ ಇರುತ್ತವೆ. ಅವನ್ನು ತೆಗೆಯಿರಿ.

ಎರಡನೆಯದಕ್ಕೆ ನಿಮ್ಮನ್ನು ಹೆದರಿಸಿದ ಪ್ರಾಣಿಯನ್ನು ಆರಿಸಿ. ಓಡಿಸಿಕೊಂಡು ಬಂದ ಹುಂಜ, ಗುದ್ದಿದ ಟಗರು, ಕತ್ತಲಲ್ಲಿ ಗುರ್ರೆಂದ ನಾಯಿ. ಇದು ಬೇರೆ ಥರದ ಕೆಲಸ. ಹೆದರಿದಾಗ ಕಣ್ಣು ಒಂದೇ ಕಡೆ ನೆಡುತ್ತದೆ. ಕೊಂಬೋ ಕೊಕ್ಕೋ ಚೆನ್ನಾಗಿ ನೆನಪಿರುತ್ತದೆ, ಸುತ್ತಲಿನದು ಅಳಿಸಿಹೋಗಿರುತ್ತದೆ. ಹಾಗಾಗಿ ಇಲ್ಲಿ ಮೂಗಿನಿಂದ ಶುರು ಮಾಡಬೇಡಿ. ಓಡಿದ ದಾರಿಯಿಂದ ಶುರು ಮಾಡಿ. ಎಲ್ಲಿಂದ ಓಡಿದಿರಿ, ಯಾವ ಬಾಗಿಲು ತೆರೆದಿತ್ತು, ಯಾರು ಹೊರಗೆ ಬಂದು ಅದನ್ನು ಅಟ್ಟಿದರು. ದಾರಿಯನ್ನು ಹಾಳೆಯ ಮೇಲೆ ಗೆರೆ ಎಳೆದು ಗುರುತಿಸಿ, ಆಮೇಲೆ ಬರೆಯಲು ಕೂರಿ.